ಅವರ ಪಾಲಿಗೆ ಇದೇನು?

ಪೆನ್ನು, ಫೋನು ಒಂದು ನಿಮಿಷ ಪಕ್ಕಕ್ಕಿಡಿ. ಒಂದು ಕೈ ಎತ್ತಿ, ಬೆರಳಿನಲ್ಲಿ ಒಂದರಿಂದ ಐದರವರೆಗೆ ಎಣಿಸಿ. ಯೋಚನೆ ಮಾಡಬೇಡಿ, ಸುಮ್ನೆ ಎಣಿಸಿ.

ಈಗ ಅಕ್ಕಪಕ್ಕದವರ ಕೈ ನೋಡಿ. ಕೆಲವರು ತೋರುಬೆರಳಿಂದ ಶುರು ಮಾಡಿದಿರಿ. ಕೆಲವರು ಹೆಬ್ಬೆರಳಿಂದ. ಮುಂದಿನ ಸಾಲಿನಲ್ಲಿ ಒಬ್ಬರು ಕಿರುಬೆರಳಿಂದ ಹೊರಟರು. ಮುಷ್ಟಿ ಕಟ್ಟಿಕೊಂಡು ಒಂದೊಂದೇ ಬೆರಳು ಬಿಚ್ಚಿದವರಿದ್ದೀರಿ, ಕೈ ಬಿಚ್ಚಿಟ್ಟುಕೊಂಡು ಒಂದೊಂದೇ ಮಡಚಿದವರೂ ಇದ್ದೀರಿ.

ಜರ್ಮನಿಯಲ್ಲಿ ಒಂದು ಅಂದರೆ ಹೆಬ್ಬೆರಳು. ಜಪಾನಿನಲ್ಲಿ ಅಂಗೈ ಬಿಚ್ಚಿಟ್ಟುಕೊಂಡು ಶುರು ಮಾಡುತ್ತಾರೆ. ಹೆಬ್ಬೆರಳು ಮಡಚಿದರೆ ಒಂದು, ತೋರುಬೆರಳು ಮಡಚಿದರೆ ಎರಡು. ಐದಕ್ಕೆ ಮುಷ್ಟಿ ಪೂರ್ತಿ ಮುಚ್ಚಿರುತ್ತದೆ. ಆರಕ್ಕೆ ಕಿರುಬೆರಳು ಮತ್ತೆ ಬಿಚ್ಚಿಕೊಳ್ಳುತ್ತದೆ. ಪಪುವಾ ನ್ಯೂಗಿನಿಯ ಒಕ್ಸಾಪ್ಮಿನ್ ಜನರಿಗೆ ಕೈ ಸಾಲದು. ಅವರು ಒಂದು ಕೈಯ ಹೆಬ್ಬೆರಳಿಂದ ಹೊರಡುತ್ತಾರೆ. ಬೆರಳು, ಮಣಿಕಟ್ಟು, ಮೊಣಕೈ, ಭುಜ, ಕಿವಿ, ಕಣ್ಣು ಹೀಗೆ ಮೇಲೇರಿ ಮೂಗಿಗೆ ಬಂದರೆ ಹದಿನಾಲ್ಕು. ಅಲ್ಲಿಂದ ಇನ್ನೊಂದು ಬದಿಗೆ ಇಳಿದು, ಆ ಕೈಯ ಕಿರುಬೆರಳು ಮುಟ್ಟಿದಾಗ 27. ಅಂಗದ ಹೆಸರೇ ಸಂಖ್ಯೆಯ ಹೆಸರು. ಮೂಗು ಅಂದರೆ ಹದಿನಾಲ್ಕು.

ಕೈಗೆ ಐದು ಬೆರಳು ಇರುವುದು ಹುಟ್ಟಿನಿಂದ. ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಯಾವ ಬೆರಳು ‘ಒಂದು’ ಅನ್ನುವುದು ಹುಟ್ಟಿನಿಂದ ಬಂದದ್ದಲ್ಲ. ನೀವು ಅದನ್ನು ಎಲ್ಲೋ ಕಲಿತಿರಿ. ಯಾವತ್ತು ಕಲಿತಿರಿ, ಯಾರು ಕಲಿಸಿದರು, ನೆನಪಿದೆಯಾ? ನನಗಂತೂ ಇಲ್ಲ. ಕಲಿತದ್ದು ಹೌದು, ಕಲಿತ ನೆನಪಿಲ್ಲ. ಆಮೇಲೆ ಅದೇ ಸಹಜ, ಬೇರೆಯವರದ್ದು ವಿಚಿತ್ರ ಅನ್ನಿಸತೊಡಗುತ್ತದೆ. ಬೇರೆ ಬೇರೆ ಜನ ಬದುಕುವ, ಯೋಚಿಸುವ ರೀತಿಯನ್ನು ತಿಳಿಯಲು ಹೊರಟ ಸಾಂಸ್ಕೃತಿಕ ಮಾನವಶಾಸ್ತ್ರ ಕೆಲಸ ಮಾಡುವುದು ಈ ಜಾಗದಲ್ಲಿ.

‘ಸಂಸ್ಕೃತಿ’ ಅನ್ನುವ ಪದವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ನಾವು ದಿನಾ ಬಳಸುವ ಅರ್ಥ ಬೇರೆ. ‘ಅವರು ಸುಸಂಸ್ಕೃತರು’ ಅಂದರೆ ಓದಿದವರು, ಮೆಲ್ಲಗೆ ಮಾತಾಡುವವರು, ಸಂಗೀತ ಗೊತ್ತಿರುವವರು. ‘ಸಂಸ್ಕೃತಿ ಇಲ್ಲದವನು’ ಅಂದರೆ ಬೈಗುಳ. ‘ಸಾಂಸ್ಕೃತಿಕ ಕಾರ್ಯಕ್ರಮ’ ಅಂದರೆ ವೇದಿಕೆ ಮೇಲಿನ ಹಾಡು, ಕುಣಿತ. ಈ ಲೆಕ್ಕದಲ್ಲಿ ಸಂಸ್ಕೃತಿ ಕೆಲವರ ಹತ್ತಿರ ಜಾಸ್ತಿ, ಕೆಲವರ ಹತ್ತಿರ ಕಡಿಮೆ.

ಮಾನವಶಾಸ್ತ್ರದಲ್ಲಿ ಹಾಗಿಲ್ಲ. 1871ರಲ್ಲಿ ಎಡ್ವರ್ಡ್ ಟೈಲರ್ ಎಂಬ ಇಂಗ್ಲಿಷ್ ವಿದ್ವಾಂಸ ಕೊಟ್ಟ ವಿವರಣೆಯನ್ನು ಇವತ್ತಿಗೂ ಮೊದಲ ಪಾಠದಲ್ಲಿ ಹೇಳುತ್ತಾರೆ. ತಿಳಿವಳಿಕೆ, ನಂಬಿಕೆ, ಕಲೆ, ನೀತಿ, ಕಾನೂನು, ರೂಢಿ, ಇವುಗಳ ಜೊತೆಗೆ ಸಮಾಜದಲ್ಲಿ ಒಬ್ಬನಾಗಿ ಮನುಷ್ಯ ಗಳಿಸಿಕೊಳ್ಳುವ ಎಲ್ಲ ಅಭ್ಯಾಸಗಳೂ ಸೇರಿದ ಮೊತ್ತವೇ ಸಂಸ್ಕೃತಿ ಅಂತ ಆತ ಹೇಳಿದ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ‘ಗಳಿಸಿಕೊಳ್ಳುವ’ ಅನ್ನುವ ಒಂದು ಪದ. ರಕ್ತದಲ್ಲಿ ಬರುವುದಿಲ್ಲ, ಬದುಕುತ್ತಾ ಬರುತ್ತದೆ. ಹಾಗಾದ ಮೇಲೆ ಸಂಸ್ಕೃತಿ ಇಲ್ಲದ ಮನುಷ್ಯ ಅಂತ ಯಾರೂ ಉಳಿಯುವುದಿಲ್ಲ. ಕೈಕುಲುಕುವುದೂ ಸಂಸ್ಕೃತಿ, ಸರತಿಯಲ್ಲಿ ಮುಂದಿನವರಿಂದ ಎಷ್ಟು ದೂರ ನಿಲ್ಲಬೇಕು ಅನ್ನುವ ಅಂದಾಜೂ ಸಂಸ್ಕೃತಿ.

ಟೈಲರ್‌ನಲ್ಲಿ ಒಂದು ದೊಡ್ಡ ತೊಂದರೆಯೂ ಇತ್ತು. ಮನುಷ್ಯರೆಲ್ಲ ಒಂದೇ ಏಣಿ ಹತ್ತುತ್ತಿದ್ದಾರೆ, ಕೆಲವರು ಕೆಳಗಿನ ಮೆಟ್ಟಿಲಲ್ಲಿ, ಕೆಲವರು ಮೇಲೆ ಅಂತ ಆ ಕಾಲದವರು ನಂಬಿದ್ದರು. ಮೇಲಿನ ಮೆಟ್ಟಿಲಲ್ಲಿ ಯಾರಿದ್ದರು ಅಂತ ಹೇಳಬೇಕಾಗಿಲ್ಲ, ಏಣಿ ಬರೆದವರೇ ಇದ್ದರು. ಟೈಲರ್ ಕೂಡ ಹಾಗೇ ನಂಬಿದ್ದ. ಈ ಏಣಿಯನ್ನು ಕಿತ್ತುಹಾಕುವುದಕ್ಕೆ ಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು.

ಈಗ ಕಿವಿಗೆ ಸಂಬಂಧಿಸಿದ ಒಂದು ಉದಾಹರಣೆ. ‘ಬೆಲೆ’ ಮತ್ತು ‘ಬೆಳೆ’. ಇವು ಎರಡು ಬೇರೆ ಪದ ಅಂತ ನಿಮಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತಾಗುತ್ತದೆ. ಇಂಗ್ಲಿಷನ್ನಷ್ಟೇ ಆಡಿ ಬೆಳೆದವರ ಮುಂದೆ ಹೇಳಿ ನೋಡಿ. ಹತ್ತು ಸಲ ಹೇಳಿದರೂ ಅವರಲ್ಲಿ ಹೆಚ್ಚಿನವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಅವರ ಕಿವಿಯಲ್ಲಿ ದೋಷವಿಲ್ಲ. ಆ ವ್ಯತ್ಯಾಸ ಅವರ ಭಾಷೆಯಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ, ಹಾಗಾಗಿ ಕಿವಿ ಅದನ್ನು ಬಿಟ್ಟುಬಿಟ್ಟಿದೆ.

ಇದನ್ನೇ ತಿರುಗಿಸಿ ನೋಡಿ. ಇಂಗ್ಲಿಷಿನಲ್ಲಿ ಬಳ್ಳಿಗೂ ವೈನ್, ದ್ರಾಕ್ಷಿಯ ಮದ್ಯಕ್ಕೂ ವೈನ್. ನಾವು ಬರೆಯುವುದು ಒಂದೇ ಥರ, ಹೇಳುವುದೂ ಹೆಚ್ಚುಕಮ್ಮಿ ಒಂದೇ ಥರ. ಅವರಿಗೆ ಇವು ಎರಡು ಬೇರೆ ಶಬ್ದ. ಬಳ್ಳಿಯ ವೈನ್‌ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಮದ್ಯದ ವೈನ್‌ಗೆ ತುಟಿ ದುಂಡಗಾಗಬೇಕು. ನಮ್ಮ ‘ವ’ ಎರಡನ್ನೂ ನುಂಗಿಕೊಂಡಿದೆ. ಈಗ ನಮ್ಮ ಕಿವಿ ಕಿವುಡು!

ಗಾಳಿಯಲ್ಲಿ ಹೊರಡುವ ಶಬ್ದ ಒಂದು, ಆ ಶಬ್ದ ಆಡುವವರ ಪಾಲಿಗೆ ಏನು ಅನ್ನುವುದು ಇನ್ನೊಂದು. ಮೊದಲನೆಯದನ್ನು ಯಂತ್ರ ಇಟ್ಟು ಅಳೆಯಬಹುದು. ಎರಡನೆಯದನ್ನು ತಿಳಿಯಬೇಕಾದರೆ ಆ ಭಾಷೆಯ ಒಳಗೆ ಹೋಗಬೇಕು. ಕೆನೆತ್ ಪೈಕ್ ಎಂಬ ಭಾಷಾವಿಜ್ಞಾನಿ 1954ರಲ್ಲಿ ಈ ವ್ಯತ್ಯಾಸವನ್ನು ಭಾಷೆಯಿಂದ ಎತ್ತಿಕೊಂಡು ಇಡೀ ಮನುಷ್ಯ ನಡವಳಿಕೆಗೆ ಹಾಕಿದ. ಶಬ್ದದ ಅಳತೆಗೆ ಫೊನೆಟಿಕ್, ಭಾಷೆಯೊಳಗೆ ಆ ಶಬ್ದ ಮಾಡುವ ಕೆಲಸಕ್ಕೆ ಫೊನೀಮಿಕ್ ಅನ್ನುತ್ತಾರೆ; ಆ ಪದಗಳ ಬಾಲವನ್ನಷ್ಟೇ ಕತ್ತರಿಸಿಕೊಂಡು ‘ಎಟಿಕ್’, ‘ಎಮಿಕ್’ ಅಂತ ಹೆಸರಿಟ್ಟ. ಎಟಿಕ್ ಅಂದರೆ ಹೊರಗಿನವರ ಅಳತೆ, ಎಮಿಕ್ ಅಂದರೆ ಒಳಗಿನವರ ಅರ್ಥ. ಪಠ್ಯದಲ್ಲಿ ಈ ಎರಡು ಪದ ಬಂದಾಗ ವಿದ್ಯಾರ್ಥಿಗಳು ಅದಲುಬದಲು ಮಾಡಿಕೊಳ್ಳುತ್ತಾರೆ. ಹಾಗಾದಾಗ ಬೆಲೆ, ಬೆಳೆ ನೆನಪಿಸಿಕೊಳ್ಳಿ. ಹೆಸರು ಮರೆತರೂ ಪರವಾಗಿಲ್ಲ, ಒಂದು ಪ್ರಶ್ನೆ ಉಳಿದರೆ ಸಾಕು: ಅವರ ಪಾಲಿಗೆ ಇದೇನು? ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಈ ಪ್ರಶ್ನೆಗೆ ಉತ್ತರ ಮನೆಯಲ್ಲಿ ಕೂತು ಸಿಗುವುದಿಲ್ಲ. ಟೈಲರ್ ಕಾಲದಲ್ಲಿ ಹೆಚ್ಚಿನವರು ಮನೆಯಲ್ಲೇ ಕೂತು ಬರೆಯುತ್ತಿದ್ದರು. ಪಾದ್ರಿಗಳು, ಅಧಿಕಾರಿಗಳು, ನಾವಿಕರು ಕಳಿಸಿದ ವರದಿಗಳನ್ನು ಓದಿ ಜೋಡಿಸುತ್ತಿದ್ದರು. ಅದನ್ನು ಬದಲಾಯಿಸಿದ್ದರಲ್ಲಿ ದೊಡ್ಡ ಪಾಲು ಬ್ರೊನಿಸ್ಲಾ ಮಲಿನೋವ್‌ಸ್ಕಿಯದ್ದು. ಈತ ಪೋಲಿಷ್ ಮೂಲದವನು, ಆಗಿನ ಆಸ್ಟ್ರಿಯಾ–ಹಂಗರಿಯ ಪ್ರಜೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಆಸ್ಟ್ರೇಲಿಯಾದಲ್ಲಿದ್ದ. ಕಾಗದದ ಪ್ರಕಾರ ಶತ್ರು ದೇಶದವನು. ಆದರೂ ನ್ಯೂಗಿನಿಯ ಕಡೆ ಹೋಗಿ ಕೆಲಸ ಮಾಡಲು ಅವನನ್ನು ಬಿಟ್ಟರು. 1915ರಿಂದ 1918ರ ನಡುವೆ ಎರಡು ಸಲ ಹೋಗಿ, ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಒಟ್ಟು ಸುಮಾರು ಎರಡು ವರ್ಷ ಕಳೆದ. ಹಳ್ಳಿಯ ನಡುವೆಯೇ ಗುಡಾರ ಹಾಕಿದ. ಅಲ್ಲಿನ ಭಾಷೆ ಕಲಿತ. ಬೆಳಗ್ಗೆ ಎದ್ದು ಜನ ಮುಖ ತೊಳೆಯುವುದು, ಅಡುಗೆ ಮಾಡುವುದು, ಜಗಳ ಆಡುವುದು, ಎಲ್ಲವನ್ನೂ ನೋಡುತ್ತಾ ಬರೆದ. ಇದಕ್ಕೆ ಸಹಭಾಗಿ ಅವಲೋಕನ ಅನ್ನುತ್ತೇವೆ. ಜೊತೆಗೆ ಇರಬೇಕು, ಇರುತ್ತಲೇ ನೋಡಬೇಕು. ಹೇಳುವುದಕ್ಕೆ ಸುಲಭ. ಮದುವೆ ಮನೆಯಲ್ಲಿ ಊಟ ಬಡಿಸುತ್ತಲೇ ಯಾರು ಯಾರ ಪಕ್ಕ ಕೂತರು ಅಂತ ಬರೆದುಕೊಳ್ಳಲು ನೋಡಿ, ಎಷ್ಟು ಕಷ್ಟ ಅಂತ ತಿಳಿಯುತ್ತದೆ.

ಒಂದು ಮಾತು ಮುಚ್ಚಿಡಬಾರದು. ಮಲಿನೋವ್‌ಸ್ಕಿ ಸತ್ತದ್ದು 1942ರಲ್ಲಿ. ಅವನ ಖಾಸಗಿ ದಿನಚರಿ 1967ರಲ್ಲಿ ಅಚ್ಚಾಯಿತು. ಅದರಲ್ಲಿ ಬೇಸರವಿದೆ, ಒಂಟಿತನವಿದೆ, ಆ ದ್ವೀಪದ ಜನರ ಮೇಲೆ ಸಿಟ್ಟು, ಕೀಳುಮಾತು ಕೂಡ ಇದೆ. ಓದಿದವರಿಗೆ ಆಘಾತವಾಯಿತು. ನನಗೆ ಆ ದಿನಚರಿ ಉಪಯೋಗಕ್ಕೆ ಬಂದಿದೆ. ಇನ್ನೊಬ್ಬರನ್ನು ಅರ್ಥ ಮಾಡಿಕೊಳ್ಳಲು ಹೊರಟವನೂ ತನ್ನ ಸಣ್ಣತನವನ್ನು ಚೀಲದಲ್ಲಿ ಹೊತ್ತುಕೊಂಡೇ ಹೋಗಿರುತ್ತಾನೆ. ನೋಡುವವನ ಕಣ್ಣನ್ನೂ ನೋಡಬೇಕು ಅನ್ನುವ ಎಚ್ಚರ ಈ ಶಾಸ್ತ್ರದಲ್ಲಿ ಆಮೇಲೆ ಗಟ್ಟಿಯಾಯಿತು.

ಕ್ಷೇತ್ರಕಾರ್ಯದ, ಅಂದರೆ ಹೀಗೆ ಜನರ ನಡುವೆ ಇದ್ದು ಮಾಡುವ ಕೆಲಸದ ಮಾತು ಬಂದಾಗ ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1948ರಲ್ಲಿ ಒಂದು ಹಳ್ಳಿಯಲ್ಲಿ ಉಳಿದು ಮಾಡಿದ ಕೆಲಸದ ಟಿಪ್ಪಣಿಗಳನ್ನು ಅವರು ವರ್ಷಗಟ್ಟಲೆ ತಿದ್ದಿ, ಜೋಡಿಸಿ ಇಟ್ಟಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳ ಮೂರೂ ಪ್ರತಿ ಸಿಕ್ಕವು. ಅವರು ಕೂತು ಆ ಹಳ್ಳಿಯನ್ನು ನೆನಪಿನಿಂದ ಬರೆದರು. ನೆನಪಿನಿಂದ ಬರೆಯಲು ಆಗಬೇಕಾದರೆ ಆ ಜನ ಅವರೊಳಗೆ ಎಷ್ಟು ಇಳಿದಿರಬೇಕು ಅಂತ ಯೋಚಿಸಿ. ಪ್ರಶ್ನಾವಳಿ ಹಂಚಿ ವಾರದಲ್ಲಿ ವಾಪಸ್ ಬಂದವರಿಗೆ ಅದು ಸಾಧ್ಯವಿಲ್ಲ.

ಸರಿ, ಈಗ ನಂಬಿಕೆಯ ವಿಷಯಕ್ಕೆ ಬರೋಣ. ‘ಅವರು ಮೂಢನಂಬಿಕೆಯವರು’ ಅಂತ ಹೇಳಿ ಕೈತೊಳೆದುಕೊಳ್ಳುವುದು ಎಷ್ಟು ಸುಲಭ, ಅಲ್ವಾ? ಇವಾನ್ಸ್-ಪ್ರಿಚರ್ಡ್ ಎಂಬ ಇಂಗ್ಲಿಷ್ ಮಾನವಶಾಸ್ತ್ರಜ್ಞ 1920ರ ದಶಕದ ಕೊನೆಯಲ್ಲಿ ಇಂದಿನ ದಕ್ಷಿಣ ಸುಡಾನಿನ ಅಜಾಂಡೆ ಜನರ ನಡುವೆ ಇದ್ದ. ಅವರು ಮಾಟವನ್ನು ನಂಬುತ್ತಾರೆ. ಕಾಲು ಎಡವಿ ಗಾಯ ಮಾಗದಿದ್ದರೆ ಮಾಟ, ಮಡಕೆ ಒಡೆದರೆ ಮಾಟ.

ಅವನು ಕೊಟ್ಟ ಉದಾಹರಣೆ ಕಣಜದ್ದು. ಅಜಾಂಡೆ ಕಣಜಗಳು ಕಂಬಗಳ ಮೇಲೆ ನಿಂತಿರುತ್ತವೆ, ತುಂಬಾ ಭಾರ. ಬಿಸಿಲಿಗೆ ಜನ ಅದರ ನೆರಳಿನಲ್ಲಿ ಕೂತು ಮಾತಾಡುತ್ತಾರೆ, ಆಟ ಆಡುತ್ತಾರೆ, ಕೈಕೆಲಸ ಮಾಡುತ್ತಾರೆ. ಕಂಬಕ್ಕೆ ಗೆದ್ದಲು ಹಿಡಿಯುತ್ತದೆ. ಒಂದು ದಿನ ಕಣಜ ಕುಸಿದು ಕೆಳಗೆ ಕೂತವರಿಗೆ ಪೆಟ್ಟಾಗುತ್ತದೆ. ಅಜಾಂಡೆಯವರು ಮಾಟ ಅನ್ನುತ್ತಾರೆ. ‘ಗೆದ್ದಲು ತಿಂದಿತ್ತಲ್ಲ?’ ಅಂದರೆ ‘ಹೌದು, ಗೆದ್ದಲೇ ತಿಂದದ್ದು’ ಅನ್ನುತ್ತಾರೆ. ಗೆದ್ದಲು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಜನ ಅಲ್ಲಿ ಯಾಕೆ ಕೂತಿದ್ದರು ಅನ್ನುವುದೂ ಗೊತ್ತು, ಬಿಸಿಲಿತ್ತು. ಅವರ ಪ್ರಶ್ನೆ ಬೇರೆ. ಗೆದ್ದಲು ಯಾವತ್ತೋ ತಿನ್ನುತ್ತಿತ್ತು. ಜನ ದಿನಾ ಕೂರುತ್ತಿದ್ದರು. ಇವರೇ ಕೂತಿದ್ದಾಗ, ಅದೇ ಗಳಿಗೆಯಲ್ಲಿ ಕುಸಿದದ್ದು ಯಾಕೆ?

ಈ ‘ಇವರೇ ಯಾಕೆ, ಈಗಲೇ ಯಾಕೆ’ ಅನ್ನುವ ಪ್ರಶ್ನೆಗೆ ನಾವು ಕಾಕತಾಳೀಯ ಅನ್ನುತ್ತೇವೆ. ಅಂದರೆ ಉತ್ತರವಿಲ್ಲ ಅಂತ ಒಪ್ಪಿಕೊಳ್ಳುತ್ತೇವೆ. ಅವರು ಉತ್ತರ ಕೊಡುತ್ತಾರೆ. ಬೇಟೆಯಿಂದ ತೆಗೆದುಕೊಂಡ ಒಂದು ಮಾತು ಅವರಲ್ಲಿದೆ, ‘ಎರಡನೆಯ ಈಟಿ’ ಅಂತ. ಪ್ರಾಣಿಗೆ ಮೊದಲ ಈಟಿ ಹಾಕಿದವನೊಬ್ಬ, ಎರಡನೆಯದು ಹಾಕಿದವನೊಬ್ಬ, ಇಬ್ಬರೂ ಸೇರಿ ಕೊಂದದ್ದು. ಹಾಗೇ ಒಬ್ಬನನ್ನು ಆನೆ ಕೊಂದರೆ ಆನೆ ಮೊದಲ ಈಟಿ, ಮಾಟ ಎರಡನೆಯದು. ಎರಡು ಕಾರಣ ಒಂದನ್ನೊಂದು ಅಳಿಸುವುದಿಲ್ಲ, ಜೊತೆಗೆ ನಿಲ್ಲುತ್ತವೆ.

ನಾನು ಮಾಟವನ್ನು ನಂಬುತ್ತೇನೆ ಅಂತ ಇದರ ಅರ್ಥ ಅಲ್ಲ. ಇವಾನ್ಸ್-ಪ್ರಿಚರ್ಡ್ ಕೂಡ ಮಾಟಗಾರರು ನಿಜವಾಗಿ ಇದ್ದಾರೆ ಅಂತ ಹೇಳಲಿಲ್ಲ. ಆದರೆ ಕೈಗೂಸನ್ನು ಕಳೆದುಕೊಂಡ ಒಬ್ಬ ತಾಯಿ ‘ನನಗೇ ಯಾಕೆ ಹೀಗಾಯಿತು’ ಅಂತ ಕೇಳುವುದನ್ನು ನೀವು ಕೇಳಿರುತ್ತೀರಿ. ಡಾಕ್ಟರು ರೋಗದ ಹೆಸರು ಹೇಳಿರುತ್ತಾರೆ, ಅವಳಿಗೆ ಅದು ಗೊತ್ತಿರುತ್ತದೆ. ಅವಳು ಕೇಳುತ್ತಿರುವುದು ರೋಗದ ಹೆಸರನ್ನಲ್ಲ. ಅಜಾಂಡೆಯವರ ಪ್ರಶ್ನೆ ನಮಗೆ ಅಷ್ಟೊಂದು ದೂರದ್ದೇನಲ್ಲ.

ಮುಂದಿನದು ನೆಂಟಸ್ತಿಕೆ, ಶಾಸ್ತ್ರದ ಮಾತಿನಲ್ಲಿ ಬಂಧುತ್ವ. ವಿದ್ಯಾರ್ಥಿಗಳಿಗೆ ಇದು ಬೇಸರದ ಅಧ್ಯಾಯ, ಬರೀ ತ್ರಿಕೋನ, ವೃತ್ತ, ಗೆರೆ. ಕನ್ನಡ ಮಾತಾಡುವವರಿಗೆ ಮಾತ್ರ ಇದು ಬೇಸರವಾಗಬೇಕಿಲ್ಲ. ಯಾಕೆಂದರೆ ಈ ಶಾಸ್ತ್ರದ ಒಂದು ದೊಡ್ಡ ಒಗಟು ನಮ್ಮ ನಾಲಿಗೆಯ ಮೇಲೇ ಇದೆ.

ಅಪ್ಪನ ತಮ್ಮ ಯಾರು? ಚಿಕ್ಕಪ್ಪ. ಪದದೊಳಗೆ ‘ಅಪ್ಪ’ ಇದ್ದಾನೆ. ಅಮ್ಮನ ಅಕ್ಕ? ದೊಡ್ಡಮ್ಮ. ಅಲ್ಲೂ ‘ಅಮ್ಮ’ ಇದ್ದಾಳೆ. ಹಾಗಾದರೆ ಅಮ್ಮನ ತಮ್ಮ? ಅವನು ಅಪ್ಪನಾಗುವುದಿಲ್ಲ, ಮಾವ. ಅಪ್ಪನ ತಂಗಿ ಅಮ್ಮನಾಗುವುದಿಲ್ಲ, ಅತ್ತೆ. ಇಂಗ್ಲಿಷಿನವರು ಚಿಕ್ಕಪ್ಪ, ಮಾವ ಇಬ್ಬರನ್ನೂ ಅಂಕಲ್ ಅಂತ ಒಂದೇ ಚೀಲಕ್ಕೆ ಹಾಕುತ್ತಾರೆ. ನಮ್ಮ ಭಾಷೆ ಅವರ ನಡುವೆ ಗೋಡೆ ಕಟ್ಟುತ್ತದೆ. ಚಿಕ್ಕಪ್ಪನ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿ. ಮಾವನ ಮಕ್ಕಳಿಗೆ ಬೇರೆಯದೇ ಪದಗಳು. ಇನ್ನು ಹೆಂಡತಿಯ ಅಪ್ಪ, ಗಂಡನ ಅಪ್ಪ ಯಾರು? ಅವರೂ ಮಾವ. ಅಂದರೆ ಗೋಡೆಯ ಆಚೆ ಇರುವವರು ಮದುವೆಯಾಗಬಹುದಾದ ಕಡೆಯವರು, ಈಚೆ ಇರುವವರು ಒಡಹುಟ್ಟಿದವರು. ಒಂದು ಮಾತೂ ವಿವರಿಸದೆ, ಬರೀ ಕರೆಯುವ ಹೆಸರಿನಲ್ಲೇ ಇಡೀ ನಿಯಮ ಕೂತಿದೆ.

ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ವೃತ್ತಿಯಿಂದ ವಕೀಲ. ನ್ಯೂಯಾರ್ಕ್ ರಾಜ್ಯದ ಇರೊಕ್ವಾ ಜನರಲ್ಲಿ ಅಪ್ಪನ ಸೋದರರನ್ನೂ ಅಪ್ಪ ಅನ್ನುತ್ತಾರೆ, ಅಮ್ಮನ ಸೋದರಿಯರನ್ನೂ ಅಮ್ಮ ಅನ್ನುತ್ತಾರೆ ಅಂತ ಅವನಿಗೆ ತಿಳಿಯಿತು. ವಿಚಿತ್ರ ಅಂದುಕೊಂಡ. ಆಮೇಲೆ ಬೇರೆ ಭಾಷೆ ಆಡುವ ಒಜಿಬ್ವೆ ಜನರಲ್ಲೂ ಅದೇ ಕಂಡಿತು. ಕುತೂಹಲ ತಡೆಯದೆ ಪ್ರಶ್ನಾವಳಿ ಮಾಡಿ ಜಗತ್ತಿನ ಮೂಲೆಮೂಲೆಗೆ ಕಳಿಸಿದ. 1859ರಲ್ಲಿ ಒಬ್ಬ ಪಾದ್ರಿಯಿಂದ ತಮಿಳಿನ ನೆಂಟಸ್ತಿಕೆಯ ಪದಗಳು ಸಿಕ್ಕವು. ನೋಡಿದರೆ ಇರೊಕ್ವಾ ಪದ್ಧತಿಯ ಪಡಿಯಚ್ಚು! 1871ರಲ್ಲಿ ಅವನು ಅಚ್ಚು ಮಾಡಿದ ದೊಡ್ಡ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಪದಗಳೂ ಇವೆ.

ಅದರಿಂದ ಅವನು ತೆಗೆದ ತೀರ್ಮಾನ ತಪ್ಪು. ಪದ್ಧತಿ ಒಂದೇ ಆದ್ದರಿಂದ ಅಮೆರಿಕದ ಮೂಲ ಜನ ಏಷ್ಯಾದಿಂದ ಬಂದರು ಅನ್ನುವುದಕ್ಕೆ ಇದೇ ಸಾಕ್ಷಿ ಅಂದ. ಅವರ ಪೂರ್ವಿಕರು ಏಷ್ಯಾದಿಂದ ಬಂದದ್ದು ನಿಜ, ಆದರೆ ಅದಕ್ಕೆ ಸಾಕ್ಷಿ ಇದಲ್ಲ. ಸಂಬಂಧವೇ ಇಲ್ಲದ ಜನರಲ್ಲೂ ಒಂದೇ ಥರದ ಪದ್ಧತಿ ಹುಟ್ಟಬಹುದು. ಅಲ್ಲದೆ ಸ್ವಲ್ಪ ದೂರದ ನೆಂಟರಿಗೆ ಬಂದಾಗ ಇರೊಕ್ವಾ ಲೆಕ್ಕ ಬೇರೆ, ದ್ರಾವಿಡ ಲೆಕ್ಕ ಬೇರೆ ಅಂತ ನೂರು ವರ್ಷದ ಮೇಲೆ ಸ್ಪಷ್ಟವಾಯಿತು. ತೀರ್ಮಾನ ಬಿದ್ದುಹೋಯಿತು, ಪ್ರಶ್ನೆ ಉಳಿಯಿತು. ರಕ್ತಸಂಬಂಧ ಅನ್ನುವುದು ಎಲ್ಲ ಕಡೆ ಒಂದೇ. ಆದರೆ ಯಾರು ಅಪ್ಪ, ಯಾರು ಅಣ್ಣ ಅನ್ನುವುದನ್ನು ರಕ್ತ ಹೇಳುವುದಿಲ್ಲ, ಜನ ಹೇಳುತ್ತಾರೆ. ದಕ್ಷಿಣ ಸುಡಾನಿನ ನುಯೆರ್ ಜನರಲ್ಲಿ ಮಕ್ಕಳಾಗದ ಹೆಂಗಸೊಬ್ಬಳು ದನ ಕೊಟ್ಟು ಇನ್ನೊಬ್ಬ ಹೆಂಗಸನ್ನು ಮದುವೆಯಾಗಬಹುದಿತ್ತು. ಆ ಹೆಂಡತಿಗೆ ಬೇರೊಬ್ಬ ಗಂಡಸಿನಿಂದ ಮಕ್ಕಳಾಗುತ್ತಿದ್ದವು. ಮಕ್ಕಳು ‘ಅಪ್ಪ’ ಅನ್ನುತ್ತಿದ್ದದ್ದು ದನ ಕೊಟ್ಟ ಹೆಂಗಸಿಗೆ. ಇದನ್ನು ಕೇಳಿದಾಗ ಮೊದಲು ನಗು ಬರಬಹುದು. ಆಮೇಲೆ ‘ಅಪ್ಪ’ ಅಂದರೆ ಏನು ಅಂತ ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಕೊಡುವುದು, ತೆಗೆದುಕೊಳ್ಳುವುದರ ಬಗ್ಗೆ ಮಾತಾಡಲು ಮತ್ತೆ ಟ್ರೋಬ್ರಿಯಾಂಡ್‌ಗೆ ಹೋಗಬೇಕು. ಅಲ್ಲಿ ಕುಲಾ ಅಂತ ಒಂದು ವ್ಯವಸ್ಥೆ ಇದೆ. ನಮ್ಮ ‘ಕುಲ’ಕ್ಕೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ಹೆಸರು ಹೋಲುತ್ತದೆ. ದ್ವೀಪಗಳು ಒಂದು ದೊಡ್ಡ ಬಳೆಯ ಹಾಗೆ ಹರಡಿವೆ. ಕೆಂಪು ಚಿಪ್ಪಿನ ಹಾರಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ. ಬಿಳಿ ಚಿಪ್ಪಿನ ತೋಳ್ಬಳೆಗಳು ಅದರ ಎದುರು ದಿಕ್ಕಿನಲ್ಲಿ ಬರುತ್ತವೆ. ಇವುಗಳಿಗಾಗಿ ಜನ ದೋಣಿ ಕಟ್ಟಿ ಅಪಾಯದ ಸಮುದ್ರ ದಾಟುತ್ತಾರೆ. ಸಿಕ್ಕ ಹಾರವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸ್ವಲ್ಪ ಕಾಲ ಇಟ್ಟುಕೊಂಡು ಮುಂದಿನವನಿಗೆ ಕೊಡಬೇಕು. ಕೊಟ್ಟ ತಕ್ಷಣ ಚೌಕಾಸಿ ಮಾಡುವ ಹಾಗೂ ಇಲ್ಲ. ಚೌಕಾಸಿಯ ವ್ಯಾಪಾರಕ್ಕೆ ಅವರಲ್ಲಿ ಗಿಮ್ವಾಲಿ ಅಂತ ಬೇರೆ ಪದವೇ ಇದೆ. ಅದೂ ಅದೇ ಪ್ರಯಾಣದಲ್ಲಿ ನಡೆಯುತ್ತದೆ. ‘ಅವನು ಕುಲಾವನ್ನು ಗಿಮ್ವಾಲಿಯ ಹಾಗೆ ಮಾಡುತ್ತಾನೆ’ ಅಂದರೆ ಅಲ್ಲಿ ದೊಡ್ಡ ಅವಮಾನ. ಹೊರಗೆ ನಿಂತು ನೋಡುವವನಿಗೆ ಎರಡೂ ವಸ್ತು ಕೈ ಬದಲಾಯಿಸಿದ್ದಷ್ಟೇ. ಅವರ ಪಾಲಿಗೆ ಒಂದು ಮರ್ಯಾದೆ, ಇನ್ನೊಂದು ವ್ಯಾಪಾರ. ಬೆಲೆ, ಬೆಳೆಯ ವ್ಯತ್ಯಾಸವೇ ಇದು.

ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಇಂಥ ಹಲವು ಸಮಾಜಗಳ ವಿವರ ಕೂಡಿಸಿ, ಉಡುಗೊರೆಯಲ್ಲಿ ಮೂರು ಕಟ್ಟುಪಾಡು ಇರುತ್ತವೆ ಅಂತ ತೋರಿಸಿದ. ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಮರಳಿ ಕೊಡಬೇಕು. ಎರಡನೆಯದನ್ನು ನಾವು ಮರೆಯುತ್ತೇವೆ. ಕೊಟ್ಟದ್ದನ್ನು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಅನುಭವದಿಂದ ಎಲ್ಲರಿಗೂ ಗೊತ್ತು, ಅಲ್ವಾ? ಬೇಡ ಅಂದರೆ ವಸ್ತು ಬೇಡ ಅಂದಂತೆ ಕೇಳಿಸುವುದಿಲ್ಲ, ‘ನೀನು ಬೇಡ’ ಅಂದಂತೆ ಕೇಳಿಸುತ್ತದೆ.

ಆದರೆ ಕೊಡುವುದೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ 1960ರ ದಶಕದಲ್ಲಿ ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ, ಬೇಟೆಯಾಡಿ ಗೆಡ್ಡೆ ಕಾಯಿ ಆರಿಸಿ ಬದುಕುತ್ತಿದ್ದ ಕುಂಗ್ ಜನರ ಜೊತೆ ಇದ್ದ. ಹೊರಡುವ ಮೊದಲು ಕ್ರಿಸ್‌ಮಸ್ ಬಂತು. ಇಷ್ಟು ದಿನ ಸಹಕರಿಸಿದವರಿಗೆ ಕೃತಜ್ಞತೆ ಹೇಳಬೇಕು ಅಂತ, ಸಿಕ್ಕುವುದರಲ್ಲೇ ಅತಿ ದೊಡ್ಡ, ಕೊಬ್ಬಿದ ಕಪ್ಪು ಎತ್ತೊಂದನ್ನು ಕೊಂಡ. ಸುದ್ದಿ ಹರಡಿತು. ಒಬ್ಬರಾದ ಮೇಲೆ ಒಬ್ಬರು ಬಂದು ಬೇಸರದಿಂದ ಹೇಳಿದರು: ಅದು ಮೂಳೆಯ ಚೀಲ, ಅದರಲ್ಲಿ ಮಾಂಸ ಎಲ್ಲಿದೆ, ಇದನ್ನು ತಿಂದು ನಾವು ಹಸಿದು ಮಲಗಬೇಕು, ಸಾಲದ್ದಕ್ಕೆ ಜಗಳ ಬೇರೆ ಆಗುತ್ತದೆ. ಲೀ ಪಾಪ ಕಂಗಾಲಾದ. ಕೊನೆಗೆ ಎತ್ತನ್ನು ಕಡಿದಾಗ ಕೊಬ್ಬು ದಪ್ಪವಾಗಿ ತೇಲಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಟ್ಟೆ ತುಂಬ ತಿಂದರು.

ಅವನು ಆಮೇಲೆ ಒಬ್ಬೊಬ್ಬರನ್ನೇ ಕೇಳಿದ, ಹೀಗೇಕೆ ಮಾಡಿದಿರಿ ಅಂತ. ಅವರು ಹೇಳಿದ್ದರ ಸಾರ ಇದು. ನಾವು ನಮ್ಮ ಬೇಟೆಗಾರರಿಗೂ ಹೀಗೇ ಮಾಡುತ್ತೇವೆ. ಯುವಕನೊಬ್ಬ ದೊಡ್ಡ ಪ್ರಾಣಿ ಹೊಡೆದು ತಂದರೆ ತಾನೇ ದೊಡ್ಡವನು, ಉಳಿದವರೆಲ್ಲ ತನ್ನ ಆಳುಗಳು ಅಂದುಕೊಳ್ಳುತ್ತಾನೆ. ಆ ಜಂಬ ಮುಂದೆ ಒಂದು ದಿನ ಯಾರನ್ನಾದರೂ ಕೊಲ್ಲಿಸುತ್ತದೆ. ಹಾಗಾಗಿ ಅವನು ತಂದ ಮಾಂಸವನ್ನು ಹೀಯಾಳಿಸುತ್ತೇವೆ, ಅವನ ಎದೆ ತಣ್ಣಗಾಗುತ್ತದೆ. ಕೊಡುವವನ ದೊಡ್ಡಸ್ತಿಕೆ ತೆಗೆದುಕೊಳ್ಳುವವರನ್ನು ಚಿಕ್ಕವರನ್ನಾಗಿ ಮಾಡಬಾರದು ಅಂತ ಆ ಜನ ಹುಡುಕಿಕೊಂಡ ದಾರಿ ಅದು. ಎಲ್ಲರೂ ಸಮಾನರಾಗಿ ಇರುವುದು ತಾನಾಗಿ ಆಗುವುದಿಲ್ಲ, ಅದಕ್ಕೂ ದಿನಾ ದುಡಿಯಬೇಕು ಅಂತ ನಾನು ಕಲಿತದ್ದು ಈ ಎತ್ತಿನಿಂದ.

ಇಷ್ಟು ಕೇಳಿದ ಮೇಲೆ ಎರಡು ಪಾರಿಭಾಷಿಕ ಪದ ಸುಲಭವಾಗುತ್ತವೆ. ನಮ್ಮ ರೂಢಿಯನ್ನೇ ಅಳತೆಗೋಲು ಮಾಡಿ ಉಳಿದವರನ್ನು ತೂಗುವುದು ಸ್ವಜನಕೇಂದ್ರಿತ ದೃಷ್ಟಿ. ಇದು ಯಾವುದೋ ಒಂದು ಜನರ ದುರ್ಗುಣ ಅಂದುಕೊಳ್ಳಬೇಡಿ, ಎಲ್ಲರಲ್ಲೂ ಇದೆ. ಅದನ್ನು ಪಕ್ಕಕ್ಕಿಟ್ಟು, ಆ ಜನರ ಬದುಕಿನ ಒಳಗಿನಿಂದ ಅವರ ನಡವಳಿಕೆಯನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು ಅನ್ನುವುದು ಸಾಂಸ್ಕೃತಿಕ ಸಾಪೇಕ್ಷತೆ. ಇಲ್ಲಿ ಯಾವಾಗಲೂ ಒಂದು ಪ್ರಶ್ನೆ ಬರುತ್ತದೆ. ಹಾಗಾದರೆ ಯಾರು ಏನು ಮಾಡಿದರೂ ಸರಿಯಾ? ಹೆಣ್ಣುಮಕ್ಕಳನ್ನು ಹಿಂಸಿಸಿದರೂ ‘ಅದು ಅವರ ಸಂಸ್ಕೃತಿ’ ಅನ್ನಬೇಕಾ? ಅನ್ನಬೇಕಿಲ್ಲ. ‘ಮೊದಲು’ ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮೊದಲು ಅರ್ಥ, ತೀರ್ಪು ಆಮೇಲೆ. ಅದೂ ಅಲ್ಲದೆ ‘ಅವರ ಸಂಸ್ಕೃತಿ’ ಅಂದಾಗ ಅವರಲ್ಲಿ ಯಾರು ಅಂತ ಕೇಳಬೇಕು. ಏಟು ತಿನ್ನುವವಳೂ ಅದೇ ಸಂಸ್ಕೃತಿಯವಳೇ, ಅವಳ ಪಾಲಿಗೆ ಅದೇನು ಅಂತ ಯಾರಾದರೂ ಕೇಳಿದ್ದಾರಾ?

ಸಾಪೇಕ್ಷತೆಯ ಜೊತೆ ಯಾವಾಗಲೂ ಬರುವ ಹೆಸರು ಫ್ರಾಂಜ್ ಬೋವಸ್. ಜರ್ಮನಿಯಲ್ಲಿ ಹುಟ್ಟಿದವನು, ಸಮುದ್ರದ ನೀರಿನ ಬಣ್ಣದ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವನು. 1883ರಲ್ಲಿ ಕೆನಡಾದ ಉತ್ತರದ ಬ್ಯಾಫಿನ್ ದ್ವೀಪಕ್ಕೆ ಭೂಗೋಳದ ಕೆಲಸಕ್ಕೆ ಹೋಗಿ, ಒಂದು ಚಳಿಗಾಲವನ್ನು ಇನ್ಯುಯಿಟ್ ಜನರ ಜೊತೆ ಕಳೆದ. ಇನ್ಯುಯಿಟ್ ಅಂದರೆ ಅವರ ಭಾಷೆಯಲ್ಲಿ ‘ಜನ’ ಅಂತಲೇ ಅರ್ಥ. ಇವರನ್ನು ಕೀಳಾಗಿ ಕಾಣಲು ನಮಗೆ ಹಕ್ಕಿಲ್ಲ ಅನ್ನುವ ಅರ್ಥದ ಮಾತನ್ನು ಅಲ್ಲಿಂದಲೇ, ಮುಂದೆ ತನ್ನ ಹೆಂಡತಿಯಾಗಲಿದ್ದವಳಿಗೆ ಬರೆದ. ಮುಂದೆ ಅಮೆರಿಕದಲ್ಲಿ ಈ ಶಾಸ್ತ್ರವನ್ನು ಕಟ್ಟಿದ. ಆ ಏಣಿಯನ್ನು ಕಿತ್ತವರಲ್ಲಿ ಅವನೇ ಮೊದಲಿಗ. ವಲಸೆ ಬಂದವರು, ಅವರ ಮಕ್ಕಳು ಸೇರಿ ಸುಮಾರು 18,000 ಜನರ ತಲೆಯ ಅಳತೆ ತೆಗೆದು, ಜನಾಂಗದ ಗುರುತು ಅಂತ ನಂಬಿದ್ದ ತಲೆಯ ಆಕಾರ ಕೂಡ ಒಂದೇ ತಲೆಮಾರಿನಲ್ಲಿ ಬದಲಾಗುತ್ತದೆ ಅಂತ ವಾದಿಸಿದ. ನಾಜಿಗಳು ಅವನ ಪುಸ್ತಕಗಳನ್ನು ಸುಟ್ಟರು. ನನಗೆ ಅವನ ಮೇಲೆ ಬಹಳ ಗೌರವವಿದೆ. ಹಾಗಾಗಿಯೇ ಮುಂದಿನದನ್ನು ಹೇಳದೆ ಇರಲಾರೆ.

1897ರಲ್ಲಿ ರಾಬರ್ಟ್ ಪಿಯರಿ ಎಂಬ ಧ್ರುವ ಪ್ರಯಾಣಿಕ ಗ್ರೀನ್‌ಲೆಂಡಿನಿಂದ ಆರು ಇನ್ಯುಯಿಟರನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಕರೆತಂದ. ಒಬ್ಬರನ್ನು ಕರೆತಂದರೆ ಅಧ್ಯಯನಕ್ಕೆ ಅನುಕೂಲ ಅಂತ ಸೂಚಿಸಿದ್ದವನು ಬೋವಸ್. ಆಗ ಅವನು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿದ್ದ. ಆ ಆರು ಜನರನ್ನು ಅಲ್ಲೇ ಇಟ್ಟರು. ಕೆಲವೇ ತಿಂಗಳಲ್ಲಿ ನಾಲ್ವರು ಕ್ಷಯರೋಗದಿಂದ ಸತ್ತರು. ಒಬ್ಬ ಊರಿಗೆ ಮರಳಿದ. ಉಳಿದವನು ಮಿನಿಕ್, ಏಳರ ಆಸುಪಾಸಿನ ಹುಡುಗ. ಸತ್ತವರಲ್ಲಿ ಅವನ ಅಪ್ಪ ಕಿಸುಕ್ ಇದ್ದ.

ಮಗ ಅಪ್ಪನನ್ನು ತಮ್ಮ ಪದ್ಧತಿಯಂತೆ ಮಣ್ಣು ಮಾಡಬೇಕು ಅಂದ. ವಸ್ತುಸಂಗ್ರಹಾಲಯದವರಿಗೆ ಎಲುಬು ಬೇಕಿತ್ತು. ಹಾಗಾಗಿ ಒಂದು ಸಂಜೆ ಸಂಗ್ರಹಾಲಯದ ತೋಟದಲ್ಲಿ, ಆಳುದ್ದದ ಮರದ ದಿಮ್ಮಿಗೆ ಬಟ್ಟೆ ಸುತ್ತಿ, ಹೆಣದ ಹಾಗೆ ಮಲಗಿಸಿ, ಮೇಲೆ ಕಲ್ಲು ಪೇರಿಸಿದರು. ಹುಡುಗ ಪಕ್ಕದಲ್ಲಿ ನಿಂತು ನೋಡಿದ. ಅಪ್ಪನ ಅಸ್ಥಿಪಂಜರ ಸಂಗ್ರಹಾಲಯದ ಒಳಗೆ ಹೋಯಿತು. ಮುಂದೆ ಪತ್ರಿಕೆಯವರು ಕೇಳಿದಾಗ ಬೋವಸ್ ಅದನ್ನು ಸಮರ್ಥಿಸಿಕೊಂಡ. ಹುಡುಗನ ಸಮಾಧಾನಕ್ಕೆ ಮಾಡಿದ್ದು ಅಂದ.

ನನ್ನನ್ನು ಕಾಡುವುದು ಏನು ಗೊತ್ತಾ? ಅವರ ಪಾಲಿಗೆ ಇದೇನು ಅನ್ನುವ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಲಿಲ್ಲ ಅಂತಲ್ಲ. ಕೇಳಿದ್ದರು, ಉತ್ತರವೂ ಸಿಕ್ಕಿತ್ತು. ಕಲ್ಲು ಹೇಗೆ ಪೇರಿಸಬೇಕು, ಆ ಮಗುವಿನ ಮನಸ್ಸಿಗೆ ಏನು ಕಂಡರೆ ಅಂತ್ಯಕ್ರಿಯೆ ಆಯಿತು ಅನ್ನಿಸುತ್ತದೆ, ಅದೆಲ್ಲ ಗೊತ್ತಿದ್ದುದರಿಂದಲೇ ಅವನನ್ನು ಅಷ್ಟು ಚೆನ್ನಾಗಿ ನಂಬಿಸಲು ಆಯಿತು.

ಮಿನಿಕ್‌ಗೆ ವರ್ಷಗಳ ನಂತರ ನಿಜ ತಿಳಿಯಿತು. ಅಪ್ಪನ ದೇಹ ಕೊಡಿ ಅಂತ ಕೇಳಿದ, ಕೊಡಲಿಲ್ಲ. 1909ರಲ್ಲಿ ಗ್ರೀನ್‌ಲೆಂಡಿಗೆ ಹೋದಾಗ ಅವನಿಗೆ ತನ್ನ ಭಾಷೆಯೇ ಮರೆತುಹೋಗಿತ್ತು. ಮತ್ತೆ ಕಲಿತ, ಬೇಟೆ ಕಲಿತ. ಆಮೇಲೆ ಅಮೆರಿಕಕ್ಕೆ ವಾಪಸ್ ಬಂದು, 1918ರ ಫ್ಲೂ ಪಿಡುಗಿನಲ್ಲಿ ತೀರಿಕೊಂಡ. ಅವನ ಅಪ್ಪನ ಮತ್ತು ಉಳಿದ ಮೂವರ ಎಲುಬುಗಳು 1993ರಲ್ಲಿ ಗ್ರೀನ್‌ಲೆಂಡಿಗೆ ಮರಳಿದವು. ಕಾನಾಕ್ ಎಂಬ ಊರಿನಲ್ಲಿ ಅವುಗಳನ್ನು ಹೂಳಿದರು. ಮಿನಿಕ್‌ನ ಸಮಾಧಿ ಇವತ್ತಿಗೂ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲೇ ಇದೆ.